ನಿಟ್ಟುಸಿರು ಬಿಡುವ ದೋಣಿ

ಫೈಬರ್ ಕೆಲಸದವನ ಹಣೆಬರಹವೇ ಇಷ್ಟು. ಊರಲ್ಲಿ ಒಳಗೊಳಗೇ ಟೊಳ್ಳಾದದ್ದೆಲ್ಲ ಅವನ ಹತ್ತಿರ ಬರುತ್ತದೆ, ಟೊಳ್ಳಿದ್ದ ಕಡೆ ಏನೋ ಒಂದು ಸದ್ದು ಇದ್ದೇ ಇರುತ್ತದೆ. ಅರಸೀಕೆರೆಯಲ್ಲಿ ಕೊಬ್ಬರಿ ಗೋದಾಮಿನ ಹಿಂದೆ ನನ್ನ ಶೆಡ್ಡು. ಬಾತ್‌ರೂಮ್ ಬಾಗಿಲು, ನೀರಿನ ಟ್ಯಾಂಕು ಇವೇ ನನ್ನ ಅನ್ನ. ನಾನು ದೆವ್ವ ನಂಬುವವನಲ್ಲ. ಹಾಗಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ.

೧. ಮಾತಾಡಿದ ನಲ್ಲಿ

ಬೇಲೂರಿನ ಒಂದು ಮನೆಯ ತಾರಸಿಯಲ್ಲಿ, ಖಾಲಿ ಟ್ಯಾಂಕಿನೊಳಗೆ ಕೂತು ಬಿರುಕಿಗೆ ತೇಪೆ ಹಾಕುತ್ತಿದ್ದೆ. ಕೆಳಗೆ ಯಾರೋ ನಲ್ಲಿ ತಿರುಗಿಸಿದ ಸದ್ದು ಪೈಪಿನಲ್ಲಿ ಬಂತು. "ನೀರಿಲ್ಲ, ಮುಚ್ಚಿ!" ಅಂತ ಕೂಗಿದೆ. ಸದ್ದು ನಿಂತಿತು. ಆಮೇಲೆ ಪೈಪಿನೊಳಗಿಂದ ನಡುಗುವ ಸಣ್ಣ ದನಿಯೊಂದು ಕೇಳಿತು: "ಯಾವಾಗ ಬರುತ್ತಪ್ಪಾ?"

ಆ ಕತ್ತಲಲ್ಲಿ ಪೈಪಿನಿಂದ ದೂರ ಸರಿದು ಕೂತೆ. "ಸಂಜೆ" ಅಂದೆ.

ಇಳಿದು ನೋಡಿದರೆ, ಮನೆಯ ಅಜ್ಜಿ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬಾಳೆಹಣ್ಣು ಇಟ್ಟು ಕೈಮುಗಿದು ನಿಂತಿದ್ದರು. "ಸದ್ದು ಮಾಡ್ಬೇಡ ಕಣಪ್ಪಾ, ಇನ್ನೂ ಏನೋ ಹೇಳೋದೈತೆ ಅದಕ್ಕೆ" ಅಂತ ನನ್ನನ್ನೇ ಗದರಿದರು.

೨. ಎರಡು ಸಲ

ಈ ಸುದ್ದಿ ಕೇಳಿಯೇ ಪಕ್ಕದ ಬೀದಿಯ ನಿವೃತ್ತ ಟೀಚರಮ್ಮ ನನಗೆ ಹೇಳಿಕಳಿಸಿದ್ದು. ಅವರ ಯಜಮಾನರು ಡ್ರಾಯಿಂಗ್ ಮೇಷ್ಟ್ರು, ತೀರಿಕೊಂಡು ವರ್ಷವಾಗಿತ್ತು. ಮಂಗಳೂರು ಕಡೆಯಿಂದ ಲಾರಿಯಲ್ಲಿ ಅವರು ಹೇರಿಸಿ ತಂದ ಹಳೆಯ ಫೈಬರ್ ಹಾಯಿದೋಣಿ, ಹಳೇಬೀಡಿನ ಆಚೆ ಅವರ ತೋಟದ ಪಕ್ಕದ ಕೆರೆ ದಂಡೆಯಲ್ಲಿ ನೆನೆಯುತ್ತಾ ಬಿದ್ದಿತ್ತು. ಹಾಯಿಯನ್ನು ಇಲಿಗಳು ತಿಂದು ಮುಗಿಸಿದ್ದವು.

ದೋಣಿಯ ಮೇಲ್ಹಾಸಿನ ಮೇಲೆ ಕಾಲಿಟ್ಟೆ. ಪಾದ ಮೆತ್ತಗೆ ಕುಸಿಯಿತು. ಒಳಗಿಂದ ಯಾರೋ ಉದ್ದಕ್ಕೆ "ಹ್ಹೂಂ..." ಅಂದರು.

"ನಮ್ಮನೆಯವರೇ" ಅಂದರು ಟೀಚರಮ್ಮ. "ನಾನು ಹೊಸ ಸೀರೆ ತಂದಾಗೆಲ್ಲ ಹೀಗೇ ನಿಟ್ಟುಸಿರು ಬಿಡೋರು."

ನಾನು ತಿಳಿಸಿ ಹೇಳಿದೆ: ಮೇಲೊಂದು ಪದರ ಫೈಬರ್, ಕೆಳಗೊಂದು ಪದರ, ನಡುವೆ ಪ್ಲೈವುಡ್. ಸ್ಕ್ರೂ ತೂತಿನಿಂದ ಮಳೆನೀರು ಇಳಿದು ಮರ ಕೊಳೆತಿದೆ. ತುಳಿದರೆ ಗಾಳಿ ಹೊರಗೆ ಬರುತ್ತದೆ, ಅಷ್ಟೇ.

"ಅದು ಸರಿ. ನೀವು ತುಳಿದ್ರೆ ಒಂದು ಸಲ. ನೋಡಿ ಈಗ" ಅಂತ ಅವರು ಅದೇ ಜಾಗದಲ್ಲಿ ಕಾಲಿಟ್ಟರು. ಒಂದು ಸಲ ಅಂತು. ಅವರು ಕಾಲು ತೆಗೆದು ಕೆಳಗಿಳಿದ ಮೇಲೆ ಇನ್ನೊಂದು ಸಲ ಅಂತು.

ಮೇಷ್ಟ್ರು ಎಷ್ಟು ಕರೆದರೂ ಒಂದು ದಿನವೂ ಟೀಚರಮ್ಮ ದೋಣಿ ಹತ್ತಿರಲಿಲ್ಲವಂತೆ. ಈಗ ಒಮ್ಮೆಯಾದರೂ ಕೆರೆಯ ನಡುವಿನವರೆಗೆ ಹೋಗಿಬರುವ ಆಸೆ. ಆದರೆ ಈ ಸದ್ದು ನಿಲ್ಲದೆ ಅದರಲ್ಲಿ ನೀರಿಗೆ ಇಳಿಯುವ ಧೈರ್ಯವಿಲ್ಲ. ತೋಟ ನೋಡಿಕೊಳ್ಳುವ ಅವರ ಮೈದುನ ಮಾತ್ರ ಪಕ್ಕದಲ್ಲೇ ಕಾಯುತ್ತಿದ್ದ: "ಸರಿ ಹೋಗ್ದಿದ್ರೆ ನಂಗೇ ಕೊಡಿ ಅತ್ತಿಗೆ. ದನಕ್ಕೆ ಕಲಗಚ್ಚು ಹುಯ್ಯಕ್ಕೆ ತೊಟ್ಟಿ ಆಯ್ತದೆ."

೩. ಮಲಗಿದವರು

ಕೊಳೆತದ್ದು ಎಲ್ಲಿಯವರೆಗೆ ಅಂತ ತಿಳಿಯಲು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಬೇಕು. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಕೊಳೆತಿದ್ದರೆ ದೊಪ್. ದೊಪ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೋದೆ. ಗೆರೆ ಕೂಡಿದ ಮೇಲೆ ಎದ್ದು ನಿಂತು ನೋಡಿದೆ. ಒಬ್ಬ ಮನುಷ್ಯ ತಲೆಗೆ ಕೈ ಕೊಟ್ಟು ಮಗ್ಗುಲಾಗಿ ಮಲಗಿದ್ದ.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು. "ಹೀಗೇ ಮಲಗೋರು. ನನಗೆ ಅಂತ ಗೇಣು ಜಾಗ ಬಿಡ್ತಿರ್ಲಿಲ್ಲ."

ಮೈದುನ ಬಗ್ಗಿ ನೋಡಿ, "ಅಣ್ಣಂಗೆ ಹೊಟ್ಟೆ ಇನ್ನೊಸಿ ಮುಂದಕ್ಕೆ ಇತ್ತು ಕಣ್ ಮೇಸ್ತ್ರಿ" ಅಂದ.

ಸುಮ್ಮನಿರಲಾರದೆ ಗೆರೆಯ ಆಚೆ, ಹೊಟ್ಟೆ ಇರಬೇಕಾದ ಜಾಗದಲ್ಲಿ ಇನ್ನೊಮ್ಮೆ ಬಡಿದೆ. ದೊಪ್ ಅಂತು.

೪. ಕೆರೆಯ ನಡುವೆ

ಮೇಲಿನ ಪದರ ಕೊಯ್ದು, ಕಪ್ಪಗಾಗಿದ್ದ ಮರವನ್ನೆಲ್ಲ ಕೆರೆದು ತೆಗೆದು, ಬಿಸಿಲಿಗೆ ಚೆನ್ನಾಗಿ ಒಣಗಲು ಬಿಟ್ಟೆ. ಹೊಸ ಪ್ಲೈವುಡ್ ಕೂರಿಸಿ, ಸಂದುಗೊಂದಿಗೆಲ್ಲ ರೆಸಿನ್ ಅಂಟು ತುಂಬಿ, ಮೇಲೆ ಫೈಬರ್ ಹಚ್ಚಿದೆ. ಸ್ಕ್ರೂ ತೂತುಗಳನ್ನೂ ಮುಚ್ಚಿದೆ. ಅಂಗುಲ ಬಿಡದೆ ಬಡಿದು ನೋಡಿದೆ. ಎಲ್ಲ ಕಡೆಯೂ ಟಣ್.

ಟೀಚರಮ್ಮ ಹತ್ತಿ ಅದೇ ಜಾಗದಲ್ಲಿ ಕಾಲಿಟ್ಟರು. ಸದ್ದಿಲ್ಲ. ಮತ್ತೆ ತುಳಿದರು. ಇಲ್ಲ. ಖುಷಿಪಡುತ್ತಾರೆ ಅಂದುಕೊಂಡರೆ ಅವರ ಮುಖ ಸಣ್ಣದಾಯಿತು. "ಹೋಗೇಬಿಟ್ರಾ?" ಅಂದರು. ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು ಅನ್ನಿಸಿದ್ದು ಅದೇ ಮೊದಲು.

ಆದರೂ ಹೊರಟೆವು. ಮೈದುನ ದಂಡೆಯಲ್ಲಿ ಹಗ್ಗ ಹಿಡಿದು ನಿಂತ. ನಾನು ಹುಟ್ಟು ಹಾಕಿದೆ. ಕೆರೆಯ ನಡುವೆ ಬಂದಾಗ ಗಾಳಿ ಪೂರ್ತಿ ನಿಂತಿತು, ಹಕ್ಕಿಗಳೂ ಸುಮ್ಮನಾದವು. ಸಾಕೆನಿಸಿ ನಾನು ಹುಟ್ಟು ಒಳಗಿಟ್ಟು, ಟೀಚರಮ್ಮ ಕೂತಿದ್ದ ಹಲಗೆಯ ಇನ್ನೊಂದು ತುದಿಯಲ್ಲಿ ಕೂತೆ.

ಬೆನ್ನ ಹಿಂದೆ ಯಾರೋ ಉದ್ದಕ್ಕೆ "ಹ್ಹೂಂ..." ಅಂದರು.

ನಾನು ತಿರುಗಲಿಲ್ಲ. ಟೀಚರಮ್ಮನೂ ತಿರುಗಲಿಲ್ಲ. ಸೆರಗು ಸರಿಮಾಡಿಕೊಂಡು, "ಹೌದು, ಹೊಸ ಸೀರೆನೇ" ಅಂದರು. ಆಮೇಲೆ ಮೆತ್ತಗೆ, "ಸ್ವಲ್ಪ ಜರುಗಿ" ಅಂದರು.

ಯಾರಿಗೆ ಹೇಳಿದರು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ನಾನಂತೂ ಜರುಗಿದೆ, ನಡುವೆ ಒಬ್ಬರು ಕೂರುವಷ್ಟು. ಹೊಟ್ಟೆ ನೆನಪಾಗಿ, ಇನ್ನೊಂದಿಷ್ಟು ಜರುಗಿದೆ.