ಚಿದಂಬರ ಕೊರೆದ ಗೆರೆ

ಚಿದಂಬರ ಬಿದ್ದದ್ದು ಇಳಿಜಾರಿನಲ್ಲಲ್ಲ. ಅಲ್ಲಿ ಬಿದ್ದಿದ್ದರೆ ಅದಕ್ಕೊಂದು ಘನತೆಯಾದರೂ ಇರುತ್ತಿತ್ತು. ಬಿದ್ದದ್ದು ಸಪಾಟು ನೆಲದಲ್ಲಿ, ಗುಡ್ಡ ಹತ್ತಿಸುವ ತೂಗುಕುರ್ಚಿ ಲಿಫ್ಟಿನ ಸಾಲಿನಲ್ಲಿ, ನಿಂತ ನಿಲುವಿನಲ್ಲೇ! ಒಂದು ಕಾಲನ್ನು ಸ್ನೋಬೋರ್ಡೆಂಬ ಹಿಮಜಾರು ಹಲಗೆಗೆ ಬಿಗಿದು, ಇನ್ನೊಂದನ್ನು ದೇವರ ಮೇಲೆ ಭಾರ ಹಾಕಿ ಇಟ್ಟಿದ್ದವನು, ಮುಂದಿದ್ದ ಅಮೆರಿಕನ್ ಅಜ್ಜಿಯ ಜಾಕೆಟ್ಟಿನ ಟೋಪಿ ಹಿಡಿದುಕೊಂಡೇ ಕುಸಿದ. ಅಜ್ಜಿ ಅಲುಗಾಡಲಿಲ್ಲ. ಹೈಸ್ಕೂಲಿನ ಮಗಳು ಮಾಳವಿಕಾ, ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಸೂಟ್‌ಕೇಸನ್ನು ನೋಡುವ ಹಾಗೆ ಅಪ್ಪನನ್ನು ನೋಡಿ, ಯಾರದೋ ಪಕ್ಕ ಕುಳಿತು ಮೇಲೆ ಹೋಗಿಬಿಟ್ಟಳು.

ಮಿಶಿಗನ್ನಿನ ಕ್ಯಾಂಟನ್ ಊರಿನ ಮನೆಗೆ ಮರಳುವಾಗ ಕಾರಿನಲ್ಲೇ ಭೀಷಣ ಪ್ರತಿಜ್ಞೆಯಾಯಿತು. ಬರುವ ಶನಿವಾರ ಇದೇ ಗುಡ್ಡದಲ್ಲಿ ತಾನು ಕಾರ್ವಿಂಗ್ ಮಾಡುವುದೇ ಸೈ. ಕಾರ್ವಿಂಗ್ ಎಂದರೆ ಹಲಗೆಯನ್ನು ಅಡ್ಡ ಜಾರಿಸದೆ, ಅದರ ಉಕ್ಕಿನ ಅಂಚಿನ ಮೇಲೆ ವಾಲಿ, ಪೆನ್ಸಿಲಿನಲ್ಲಿ ಎಳೆದಂಥ ತೆಳುಗೆರೆ ಕೊರೆಯುತ್ತ ತಿರುಗುವುದು. ಜಾರಿದರೆ ನೆಲ ಸಾರಿಸಿದಂತೆ ಅಗಲವಾದ ಪಟ್ಟೆ ಬೀಳುತ್ತದೆ. ಮೆತ್ತನೆಯ ಹಿಮದಲ್ಲಾದರೆ ಸರಿ. ಮಿಶಿಗನ್ನಿನ ಗುಡ್ಡದ ಮೇಲಿರುವುದು ಹಗಲು ಕರಗಿ ಇರುಳು ಗಟ್ಟಿಯಾದ ಗಾಜು.

“ಇಷ್ಟು ವರ್ಷ ಕಾರಿನ ಬ್ರೇಕ್ ಡಿಸೈನ್ ಮಾಡೇನಿ. ಫ್ರಿಕ್ಷನ್ ಅಂದ್ರ ಏನಂತ ಐಸು ನನಗ ಕಲಿಸಬೇಕಾ?”

“ಕಲಿಸೇತಲ್ರೀ ಇವತ್ತ,” ಎಂದಳು ಹೆಂಡತಿ ಸ್ಮಿತಾ.

ಹಿಂದಿನ ಸೀಟಿನಿಂದ ಮಾಳವಿಕಾ ಕರಾರು ಹಾಕಿದಳು. “ಒಂದು ಕ್ಲೀನ್ ಟರ್ನ್, ಅಪ್ಪಾ. ಜಸ್ಟ್ ಒನ್. ದೆನ್ ಐ ವಿಲ್ ರೈಡ್ ದ ಲಿಫ್ಟ್ ವಿತ್ ಯು.”

ಚಿದಂಬರನಿಗೆ ಬೇಕಿದ್ದದ್ದೇ ಅದು. ಹೈಸ್ಕೂಲು ಸೇರಿದಾಗಿನಿಂದ ಮಗಳು ಅವನ ಪಕ್ಕ ನೆಟ್ಟಗೆ ಕುಳಿತದ್ದಿಲ್ಲ. ಲಿಫ್ಟಿನ ಕುರ್ಚಿಯಿಂದ ಎದ್ದು ಹೋಗುವುದಾದರೂ ಎಲ್ಲಿಗೆ? ಕೈಗವಸು ಹಾಕಿಕೊಂಡು ಫೋನನ್ನೂ ಒತ್ತಲಾಗದು.

ವಾರವಿಡೀ ಘೋರ ತಪಸ್ಸು ನಡೆಯಿತು. ಮಂಡಿ ಮಡಚಬೇಕು, ಹೋಗುವ ಕಡೆ ನೋಡಬೇಕು, ಹಿಂಗಾಲನ್ನು ಒದೆಯಬಾರದು, ಅವಸರ ಸಲ್ಲದು ಎಂದು ವಿಡಿಯೋಗಳು ಬೋಧಿಸಿದವು. ಅದುವರೆಗೆ ಮೀಟಿಂಗಿನ ಬೋರ್ಡನ್ನಷ್ಟೇ ಬಲ್ಲವನು, ಈಗ ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿ ಕಾರ್ಪೆಟ್ಟಿನ ಮೇಲೆ ಬೋರ್ಡು ಹತ್ತಿ ವಾಲಿದ. ಅರದಿಂದ ಅದರ ಅಂಚನ್ನು ಎಷ್ಟು ಮಸೆದನೆಂದರೆ, ಬದನೆಕಾಯಿಯನ್ನೂ ಅದರಲ್ಲೇ ಹೆಚ್ಚಿಕೊಡಿ ಎಂದು ಸ್ಮಿತಾ ಅಡಿಗೆಮನೆಯಿಂದ ಕೇಳಿದಳು.

ಶನಿವಾರ ಪಾರ್ಕಿಂಗ್ ಲಾಟಿನಲ್ಲಿ ಅವಳೇ ಮುನ್ನೆಚ್ಚರಿಕೆ ವಹಿಸಿದಳು. ಅತ್ತೆ ಗಂಗಮ್ಮ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದು ಕಳಿಸಿದ್ದ ಕೌದಿಯನ್ನು ಮಡಿಸಿ ಗಂಡನ ಹಿಂಭಾಗಕ್ಕೆ ಒತ್ತು ಕೊಟ್ಟಳು. ಅದರ ಮೇಲೆ ಪ್ಯಾಂಟು ಏರಲಿಲ್ಲವಾದ್ದರಿಂದ ಪ್ಯಾಂಟಿನ ಮೇಲೇ ಕೌದಿ ಬಂತು. ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನುಗಳನ್ನು ಬಿಚ್ಚಿ ಭದ್ರ ಮಾಡಿದಳು. “ಈಗ ಬೀಳ್ರಿ, ಚಿಂತಿಲ್ಲ.”

ಗುಡ್ಡದ ತುದಿಯಿಂದ ಚಿದಂಬರ ಹೊರಟ. ಮಂಡಿ ಮಡಚಿದ, ನೋಡಬೇಕಾದ ಕಡೆ ನೋಡಿದ. ಹಲಗೆ ಅಂಚಿನ ಮೇಲೆ ವಾಲಿತು. ಲಕ್ಕುಂಡಿಯ ಶಿಲ್ಪಿಗಳು ಕಲ್ಲಿನಲ್ಲಿ ಸಾಧಿಸಿದ್ದನ್ನು ತಾನು ಐಸಿನಲ್ಲಿ ಸಾಧಿಸಿದೆ ಅನ್ನಿಸಿತು. ಅಷ್ಟರಲ್ಲಿ ಹಲಗೆಯಿಂದ ಕರ್ರ್ ಎಂಬ ಅಪಸ್ವರ ಬಂತು, ಆಕಾಶ ಕಂಡಿತು, ಕೌದಿ ನೆಲ ಮುಟ್ಟಿತು. ತಲೆಮಾರಿನಿಂದ ಸವೆದು ನುಣುಪಾದ ಆ ಸೀರೆಗಳಿಗೆ ಫ್ರಿಕ್ಷನ್ನಿನ ಗಂಧವೇ ಇರಲಿಲ್ಲ! ಬ್ರೇಕ್ ಇಂಜಿನಿಯರ್ ಬ್ರೇಕಿಲ್ಲದೆ ಗುಡ್ಡವನ್ನು ದೊಡ್ಡದೊಂದು ಸುತ್ತಿನಲ್ಲಿ ಬಳಸಿ, ಲಿಫ್ಟಿನ ಸಾಲಿಗೇ ಬಂದು ನಿಂತ. ಹೋದ ವಾರದ ಅಜ್ಜಿ ಈ ಸಲ ತಾನಾಗಿಯೇ ಪಕ್ಕಕ್ಕೆ ಸರಿದಳು.

ಎದ್ದು ತಿರುಗಿ ನೋಡಿದರೆ, ಗಾಜಿನಂಥ ಇಳಿಜಾರಿನ ಮೇಲೆ ಒಂದೇ ಒಂದು ಗೆರೆ. ತೆಳು, ಆಳ, ಬಿಲ್ಲಿನಂತೆ ಬಾಗಿದ್ದು. ಮೊದಲು ಕೊರೆದಿದ್ದೇನೆ, ಆಮೇಲೆ ಕುಳಿತಿದ್ದೇನೆ ಎಂದು ಚಿದಂಬರ ತೀರ್ಪು ಕೊಟ್ಟುಕೊಂಡ. ಕೂಡಲೇ ಫೋಟೋ ತೆಗೆದು ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ. ದೂರದ ಶಾಮ್‌ಬರ್ಗ್ ಊರಿನಿಂದ ಹೆಬ್ಬೆರಳುಗಳೆದ್ದವು, ನೇಪರ್‌ವಿಲ್‌ನ ಭಾವಮೈದ ನಿರಂಜನ್ ‘ಅಭಿನವ ಶಿಲ್ಪಿ’ ಎಂಬ ಬಿರುದು ದಯಪಾಲಿಸಿದ. ಹಿಂದೆ ನಿಂತವರೆಲ್ಲ ನಗುಮೊಗದಿಂದ ತನ್ನನ್ನೇ ನೋಡುತ್ತಿದ್ದುದೂ ಅವನ ಗಮನಕ್ಕೆ ಬಂತು. ಅಭಿಮಾನಿಗಳು!

ಮಾಳವಿಕಾ ಇಳಿದು ಬಂದವಳು ಗೆರೆಯನ್ನು ನೋಡಿದಳು, ಅಪ್ಪನ ಹಿಂದೆ ಹೋಗಿ ಇನ್ನೊಮ್ಮೆ ನೋಡಿದಳು. ಅವನ ತೋಳು ಹಿಡಿದು ಲಿಫ್ಟಿನ ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲೇ ಕುಳಿತಳು. ಕುರ್ಚಿ ಗೆರೆಯ ಮೇಲಿಂದ ತೇಲುವಾಗ ಅವನಿಗೆ ತಡೆಯಲಾಗಲಿಲ್ಲ. ಗೆರೆ ಹೇಗಿದೆ ಎಂದು ಕೇಳಿಯೇಬಿಟ್ಟ.

ಅವಳು ಕೈಗವಸು ಕಳಚಿ, ಅವನ ಬೆನ್ನ ಹಿಂದೆ ಕೈಹಾಕಿ, ಏನನ್ನೋ ಕಿತ್ತು ಅಂಗೈಯಲ್ಲಿಟ್ಟಳು. ಬಾಯಿ ತೆರೆದು ನೆಟ್ಟಗಾಗಿದ್ದ ಸೇಫ್ಟಿ ಪಿನ್ನು. ತುದಿಯಲ್ಲಿ ಇನ್ನೂ ಐಸಿನ ಪುಡಿ.

“ಯುವರ್ ಪೆನ್ಸಿಲ್, ಅಪ್ಪಾ.”

ಚಿದಂಬರ ಪಿನ್ನನ್ನು ತಿರುಗಿಸಿ ನೋಡಿದ. ಆದರೂ ಮಗಳು ಪಕ್ಕದಲ್ಲೇ ಇದ್ದಳು, ಭುಜಕ್ಕೆ ಭುಜ ತಾಗಿಸಿ.

“ಹಂಗಾರ ನನ್ನ ಜೋಡಿ ಯಾಕ ಕೂತಿ, ಪುಟ್ಟಿ?”

“ಕೌದಿ ಜಾರೇತಿ, ಪ್ಯಾಂಟ್ಸ್ ಹರದೈತಿ, ಅಪ್ಪಾ,” ಎಂದಳು ಮಾಳವಿಕಾ. “ನೀ ಕೂತರ ಅಷ್ಟ ಕಾಣಂಗಿಲ್ಲ.”