ಲಿಫ್ಟಿನ ಬಾಗಿಲು ಹಾಕದವನು

ದಿನಕ್ಕೊಂದು ಕಿರಿಕಿರಿಯನ್ನು ಚಿತ್ರವಾಗಿಸಿ ಪತ್ರಿಕೆಗೆ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ವ್ಯಂಗ್ಯಚಿತ್ರಕಾರನಿಗೆ ಅಂದು ತನ್ನ ಚಿತ್ರ ತನಗೇ ಹಿಡಿಸಿಬಿಟ್ಟಿತು. ಲಿಫ್ಟಿನ ಜಾಲರಿ ಬಾಗಿಲು ಎಳೆಯದೆ ನಡೆದುಬಿಟ್ಟ ಬದನೆಕಾಯಿ ಮೂಗಿನವನೊಬ್ಬ. ಕೆಳಗೆ ಗುಂಡಿ ಒತ್ತಿ ಒತ್ತಿ ಬೆರಳು ಸವೆಸಿಕೊಂಡ ಜನ. ಪತ್ರಿಕೆ ಹಿಡಿದು ಲಿಫ್ಟಿನಲ್ಲಿ ನಕ್ಕ, ಮೂರನೆಯ ಮಹಡಿಯಲ್ಲಿಳಿದು ನಕ್ಕ, ಮನೆಯೊಳಗೂ ನಗುತ್ತಲೇ ಹೋದ.

"ನಿಮ್ಮ ಜೋಕಿಗೆ ನೀವಾದ್ರೂ ನಗ್ತೀರಲ್ಲ, ಅಷ್ಟು ಸಾಕು," ಎಂದಳು ಹೆಂಡತಿ.

ಅಷ್ಟರಲ್ಲಿ ಮೇಲಿನಿಂದ ಕೂಗು. ಐದನೆಯ ಮಹಡಿಯ ಮೇಷ್ಟ್ರಿಗೆ ಎದೆನೋವು. ಲಿಫ್ಟ್ ಬರಲೊಲ್ಲದು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ವರು ನಾಲ್ಕು ಕಾಲು ಹಿಡಿದು ಮೆಟ್ಟಿಲಿಳಿಸಿದರು. ಒಂದು ಕಾಲು ಚಿತ್ರಕಾರನ ಪಾಲಿನದು.

"ಯಾವ ಪಾಪಿನಪ್ಪಾ ಬಾಗಿಲು ಹಾಕದೆ ಹೋದೋನು!" ಎಲ್ಲರಿಗಿಂತ ಜೋರಾಗಿ ಶಪಿಸಿದವನೂ ಅವನೇ.

ಮೂರನೆಯ ಮಹಡಿಗೆ ಬಂದಾಗ ಲಿಫ್ಟ್ ಅವನ ಮನೆಯೆದುರೇ ಆಕಳಿಸುತ್ತ ನಿಂತಿತ್ತು. ಅವನ ಬಾಯಿ ಮುಚ್ಚಿತು.

ಮೇಷ್ಟ್ರು ಆಸ್ಪತ್ರೆ ತಲುಪಲಿಲ್ಲ.

ಅಂತ್ಯಕ್ರಿಯೆ ಮುಗಿಸಿ ಬಂದವರು ಸಂಜೆ ಅಂಗಳದಲ್ಲಿ ಸೇರಿದರು. ಮೇಷ್ಟ್ರ ಮಗನ ಕಣ್ಣು ಕೆಂಡವಾಗಿತ್ತು. "ಮೂರನೇ ಮಹಡಿಯವರೇ ಯಾರೋ. ಯಾರು ಹೇಳಿ."

ಕಟ್ಟಡದ ಕಾರ್ಯದರ್ಶಿ ಪತ್ರಿಕೆ ಬಿಡಿಸಿದ. "ಬೆಳಗ್ಗೆನೇ ಬರೆದು ತೋರಿಸಿದಾರಲ್ರೀ! ಈ ಮೂಗು ಯಾರದು?"

"ದಲ್ಲಾಳಿದು. ಅನುಮಾನವೇ ಬೇಡ," ಎಂದ ಮೂರನೆಯ ಮಹಡಿಯ ವಕೀಲ.

"ನಂದಾ? ಆ ಬೋಳುತಲೆ ನಿಮ್ಮದಲ್ವೇನ್ರೀ?" ಪಕ್ಕದ ಮನೆಯ ದಲ್ಲಾಳಿ ಮೇಲೆದ್ದ.

ಮಗ ದಲ್ಲಾಳಿಯ ಕೊರಳಪಟ್ಟಿಗೆ ಕೈ ಹಾಕಿದ. ಹೊಡೆತ ಬಿದ್ದೇಬಿಡುವುದಿತ್ತು. ಬೆಳಗಿನಿಂದ ಅನ್ನ ಇಳಿಯದಿದ್ದ ಚಿತ್ರಕಾರನಿಗೆ ಇನ್ನು ತಡೆಯಲಾಗಲಿಲ್ಲ.

"ಬಿಡಿ ಅವರನ್ನ! ಆ ಮುಖ ನಂದೇ. ಯಾರ ಮುಖ ಬರೀಬೇಕಾದ್ರೂ ಕನ್ನಡಿ ಎದುರಿಗೆ ಕೂತು ನಂದನ್ನೇ ನೋಡಿ ಬರೀತೀನಿ. ಇವತ್ತು ಬಾಗಿಲು ಹಾಕದೆ ಹೋದೋನೂ ನಾನೇ."

ಇನ್ನು ಏನಾದರೂ ಆಗಲಿ ಎಂದು ಅವನು ಕಣ್ಣು ಮುಚ್ಚಿದ. ಕೆನ್ನೆಗೆ ಏಟು ಬೀಳಲಿಲ್ಲ. ಬೆನ್ನಿಗೆ ಒಂದು ಕೈ ಬಿತ್ತು, ಮೆಲ್ಲಗೆ.

"ಜಗಳ ನಿಲ್ಲಿಸೋಕೆ ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು ನೋಡಿ," ಕಾರ್ಯದರ್ಶಿ ಕಣ್ಣೊರೆಸಿಕೊಂಡ.

"ಇಲ್ರೀ, ನಿಜವಾಗ್ಲೂ ನಾನೇ…"

"ಸ್ವಲ್ಪ ಯೋಚನೆ ಮಾಡಿ," ವಕೀಲ ತಿಳಿಹೇಳಿದ. "ಇನ್ನೊಬ್ಬರನ್ನ ಬೈದು ಬರೆಯೋನು ಅದೇ ಕೆಲಸ ತಾನೂ ಮಾಡ್ತಾನಾ?"

ಮಗ ಅವನನ್ನು ತಬ್ಬಿಕೊಂಡು ಬಿಕ್ಕಿದ. "ಕುರ್ಚಿ ಹೊತ್ತೋರು ನೀವು. ನಿಮ್ಮ ಋಣ ಹೇಗೆ ತೀರಿಸ್ಲಿ ಅಣ್ಣಾ?"

ಋಣ ತೀರಿಸುವ ದಾರಿ ಕಾರ್ಯದರ್ಶಿಗೆ ಹೊಳೆಯಿತು. ಚಿತ್ರವನ್ನು ಕತ್ತರಿಸಿ ಲಿಫ್ಟಿನೊಳಗೆ, ಕನ್ನಡಿಯ ಪಕ್ಕದಲ್ಲೇ, ಅಂಟಿಸಿಬಿಟ್ಟ. ಎಲ್ಲರಿಗೂ ಬುದ್ಧಿ ಬರಲಿ ಎಂದು.

ಚಿತ್ರಕಾರ ಮೆಟ್ಟಿಲಿನತ್ತ ಹೊರಟಿದ್ದ. "ಇವರ ಜೊತೆ ಹೋಗಿ, ಪಾಪ," ಎಂದು ಮೇಷ್ಟ್ರ ಹೆಂಡತಿಯನ್ನೂ ಅವನನ್ನೂ ಒಟ್ಟಿಗೆ ಲಿಫ್ಟಿಗೆ ಹತ್ತಿಸಿದರು. ಆಕೆ ಚಿತ್ರ ನೋಡಿದರು. ಕನ್ನಡಿ ನೋಡಿದರು. ಅದರೊಳಗೆ ತಲೆತಗ್ಗಿಸಿ ನಿಂತ ಮೂಗನ್ನು ನೋಡಿದರು.

ಮೂರನೆಯ ಮಹಡಿ ಬಂತು. ಅವನು ಇಳಿದ.

"ಬಾಗಿಲು ನೀನೇ ಹಾಕಪ್ಪ," ಎಂದರು. "ಸದ್ದು ಕೇಳಿಸ್ಬೇಕು ನಂಗೆ."

ಅವನು ಎಳೆದ. ಜಾಲರಿ ಕಿರುಗುಟ್ಟಿ ಮುಚ್ಚಿಕೊಂಡಿತು. ಲಿಫ್ಟ್ ಮಾತ್ರ ಅಲುಗಲಿಲ್ಲ. ಆಕೆ ಗುಂಡಿ ಒತ್ತಿರಲಿಲ್ಲ. ಸರಳುಗಳ ಹಿಂದಿನಿಂದ ಅವನನ್ನೇ ನೋಡುತ್ತಿದ್ದರು.