ಮಡಹಾಗಲ ಸಂರಕ್ಷಣೆಯಲ್ಲಿ ನನ್ನ ಪಾತ್ರ

ಹೂವಿನ ಭಾಗಗಳನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸಿದ ವಿಜ್ಞಾನ ಶಿಕ್ಷಕನಿಗೆ ಒಂದು ಕಾಡುಬಳ್ಳಿಯನ್ನು ಉಳಿಸುವುದು ಯಾವ ಮಹಾ ಕೆಲಸ? ಹೀಗೆಂದು ನನ್ನನ್ನು ನಾನೇ ಕೇಳಿಕೊಂಡೆ. ಮನೆಯಲ್ಲಿ ಕೇಳಲು ಬೇರೆ ಯಾರೂ ಇರಲಿಲ್ಲ.

ಮೈತುಂಬ ಮೆತ್ತನೆಯ ಮುಳ್ಳಿರುವ ಮಡಹಾಗಲಕಾಯಿ ಮಳೆಗಾಲದಲ್ಲಿ ಔರಾದ ಕಡೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದೆ. ಚಿಂತಾಕಿಯ ತುಳಸಾಬಾಯಿ ಪ್ರತಿ ಶ್ರಾವಣಕ್ಕೆ ಬೀದರಿನ ನಮ್ಮ ಮನೆಗೆ ಒಂದು ಬುಟ್ಟಿ ಹೊತ್ತು ತರುತ್ತಿದ್ದಳು. ಕಾಯಿ ಕೊಡಲು ಐದು ನಿಮಿಷ, ಹೊಸ್ತಿಲಲ್ಲಿ ಕೂತು ನನ್ನ ಹೆಂಡತಿಯೊಡನೆ ಮಾತಾಡಲು ಒಂದು ತಾಸು. ಹೆಂಡತಿ ತೀರಿಕೊಂಡ ಮೇಲೂ ಬಂದಳು. ಮಾತು ಹತ್ತು ನಿಮಿಷಕ್ಕೆ ಇಳಿಯಿತು. ಆದರೂ ಆ ವರ್ಷ ನನ್ನ ಬಾಗಿಲು ಬಡಿದವರಲ್ಲಿ ಅವಳೇ ಮೊದಲಿಗಳು. ಎರಡನೆಯವನು ಕರೆಂಟ್ ಮೀಟರ್ ನೋಡುವವನು.

ಮರುವರ್ಷ ಬರಿಗೈಯಲ್ಲಿ ಬಂದಳು.

"ಗುಡ್ಡದಾಗ ಏನೂ ಉಳದಿಲ್ರಿ ಸರ್. ಪ್ಯಾಟ್ಯಾಗ ಗಿರಾಕಿ ಹೆಚ್ಚಾದ್ರು. ಕಾಯಿ ಕಂಡ ಬಳ್ಳಿ ಬೇರ್ ಸಮೇತ ಕಿತ್ತು ಒಯ್ತಾರ. ಇನ್ನ ಈ ಕಡಿ ಬರೋದು ಆಗಂಗಿಲ್ರಿ."

ಕೊನೆಯ ವಾಕ್ಯ ನನಗೆ ಸರಿಬರಲಿಲ್ಲ. ಸಸ್ಯ ಸಂರಕ್ಷಣೆಯ ತುರ್ತು ಅಗತ್ಯ ಆ ಕ್ಷಣವೇ ಮನವರಿಕೆಯಾಯಿತು.

"ನಿನ್ನ ಹೊಲದ ಬದುವಿನ ಮ್ಯಾಲ ಬೆಳಸೋಣು. ಗಡ್ಡಿ ನಾ ತರ್ತೇನಿ."

"ನಿಮಗ ಗೊತ್ತಾಗ್ತದೇನ್ರಿ?"

"ನಾ ವಿಜ್ಞಾನದ ಮಾಸ್ತರ" ಎಂದು ಅವಳ ಬಾಯಿ ಮುಚ್ಚಿಸಿದೆ.

ಗುಡ್ಡ ಹತ್ತುವಾಗ ಒಂದು ನೀತಿ ಮಾಡಿಕೊಂಡೆ: ಅಲ್ಲೊಂದು ಇಲ್ಲೊಂದು ಉಳಿದ, ಕಾಯಿ ಬಿಟ್ಟ ಬಳ್ಳಿಯನ್ನು ಮುಟ್ಟತಕ್ಕದ್ದಲ್ಲ. ಅವು ಅಳಿವಿನಂಚಿನ ತಾಯಂದಿರು. ಕಾಯಿಯಿಲ್ಲದೆ ಹುಲುಸಾಗಿ ಹಬ್ಬಿದ ಬಳ್ಳಿಗಳ ಬುಡಕ್ಕೆ ಮಾತ್ರ ಗುರುತಿನ ಕಲ್ಲಿಟ್ಟೆ. ಬಳ್ಳಿ ಒಣಗಿ ನೆಲದೊಳಗೆ ಗಡ್ಡೆ ಮಾತ್ರ ಉಳಿಯುವ ಬೇಸಿಗೆಯಲ್ಲಿ ಹೋಗಿ ಇಪ್ಪತ್ನಾಲ್ಕು ಗಡ್ಡೆ ಅಗೆದೆ. ನನ್ನ ಸೊಂಟ ಇಪ್ಪತ್ತಕ್ಕೇ ರಾಜೀನಾಮೆ ಕೊಟ್ಟಿತ್ತು. ನೆಡುವ ದಿನ ಅರ್ಧ ತಾಸು ಭಾಷಣ ಮಾಡಿದೆ. ತುಳಸಾಬಾಯಿ ಮತ್ತು ಎರಡು ಎಮ್ಮೆಗಳು ಹಾಜರಿದ್ದವು. ಒಂದು ಎಮ್ಮೆ ನಡುವೆಯೇ ಎದ್ದು ಹೋಯಿತು.

ಮಳೆ ಬಿತ್ತು, ಬಳ್ಳಿ ಚಪ್ಪರ ಏರಿತು, ದಿನವೂ ಹಳದಿ ಹೂವು. ಕಾಯಿ ಮಾತ್ರ ಇಲ್ಲ. ಪ್ರತಿ ಐತವಾರ ಬಸ್ಸು ಹಿಡಿದು ಹೋಗಿ ಪರಿಶೀಲಿಸಿದೆ. ಗೊಬ್ಬರ ಹಾಕಿದೆ. ಮಜ್ಜಿಗೆ ಚಿಮುಕಿಸಿದೆ. ಆಮೇಲೆ ಸತ್ಯ ಹೊಳೆಯಿತು: ಕಳ್ಳತನ!

ಬೀದರಿನ ಪೇಂಟರ್ ಮೋಯಿನ್ ಭಾಯಿಯಿಂದ ಕನ್ನಡ, ಉರ್ದು, ಮರಾಠಿಯಲ್ಲಿ ಬೋರ್ಡು ಬರೆಸಿದೆ: 'ಕಾಯಿ ಕೀಳುವುದು ಶಿಕ್ಷಾರ್ಹ.'

"ಕಾಯಿ ಭಾಳ ಬಂದಾವೇನ್ರಿ ಸಾಬ್?"

"ಇನ್ನೂ ಒಂದೂ ಬಂದಿಲ್ಲ."

ಅವನು ಕುಂಚ ಕೆಳಗಿಟ್ಟು ನನ್ನನ್ನೊಮ್ಮೆ ನೋಡಿ, ಮತ್ತೆ ಎತ್ತಿಕೊಂಡ.

ಬೋರ್ಡು ನೆಟ್ಟ ಮೇಲೆ ಪಕ್ಕದ ಹೊಲದ ಮಾಣಿಕರಾವನನ್ನು ಕರೆದು ಗಂಭೀರವಾಗಿ ವಿಚಾರಣೆ ಆರಂಭಿಸಿದೆ. ಅವನು ಸಿಟ್ಟಾಗಲಿಲ್ಲ. ಒಂದು ಹೂವು ಕಿತ್ತು ನನ್ನ ಅಂಗೈಯಲ್ಲಿಟ್ಟ.

"ಇದರಾಗ ಗಂಡು ಬಳ್ಳಿನೇ ಬ್ಯಾರೆ, ಹೆಣ್ಣು ಬಳ್ಳಿನೇ ಬ್ಯಾರೆ ಇರ್ತಾವ್ರಿ ಸರ್. ಹೆಣ್ಣ ಹೂವಿನ ಬುಡಕ್ಕ ಸಣ್ಣ ಕಾಯಿ ಇರ್ತದ. ಇದಕ್ಕ ಏನದ? ಬರೇ ದೇಟು. ಇಪ್ಪತ್ನಾಕೂ ಗಂಡೇ ಅವ."

ಕಾಯಿ ಬಿಟ್ಟ ತಾಯಂದಿರನ್ನೆಲ್ಲ ಗೌರವದಿಂದ ಗುಡ್ಡದಲ್ಲೇ ಬಿಟ್ಟು, ಗಂಡುಗಳನ್ನು ಮಾತ್ರ ಒಂದೂ ತಪ್ಪದೆ ಆರಿಸಿ ತಂದಿದ್ದೆ. ಇಷ್ಟು ನಿಖರತೆ ಯಾವ ತಜ್ಞನಿಗೂ ಸಾಧ್ಯವಿಲ್ಲ! ನಾನೊಬ್ಬ, ಅವು ಇಪ್ಪತ್ನಾಲ್ಕು. ಒಟ್ಟು ಇಪ್ಪತ್ತೈದು ಒಂಟಿ ಗಂಡುಗಳ ಸಂಘ.

ತುಳಸಾಬಾಯಿಯ ಕಡೆ ತಿರುಗಿದೆ. "ನಿನಗ ಗೊತ್ತಿತ್ತೇನು?"

"ಮೊದಲ್ನೇ ಹೂವಿಗೇ ಗೊತ್ತಾಗಿತ್ರಿ."

"ಮತ್ಯಾಕ ಹೇಳಲಿಲ್ಲ?"

ಅವಳು ಸೆರಗು ಸರಿಮಾಡಿಕೊಂಡಳು. "ಹೇಳಿದ್ರ ನೀವು ಬರೋದು ಬಿಡ್ತಿದ್ರಿ. ಐತವಾರ ಬಂದು ಒಂದು ರೊಟ್ಟಿ ಉಂಡು ನಾಕ ಮಾತಾಡ್ತಿದ್ರಿ. ನಿಮ್ಮ ಮನಿ ಬಾಯಾರು ಇದ್ದಾಗ ನಂಗ ಹಾಂಗೇ ಕೂಡಿಸ್ಕೊಂಡು ಮಾತಾಡಸ್ತಿದ್ರು."

ನಾನು ಬೋರ್ಡನ್ನು ಓದತೊಡಗಿದೆ. ಮೂರೂ ಭಾಷೆಯಲ್ಲಿ ಓದಿ ಮುಗಿಸುವಷ್ಟರಲ್ಲಿ ಕಣ್ಣುಗಳು ತಹಬಂದಿಗೆ ಬಂದವು.

"ಹತ್ತು ಹೆಣ್ಣಿಗಿ ಒಂದು ಗಂಡು ಸಾಕ್ರಿ" ಎಂದಳು. "ಎರಡು ಇಟ್ಕೋತೇನಿ. ಗುಡ್ಡದಾಗ ಉಳದ ಹೆಣ್ಣ ಬಳ್ಳಿ ತುಂಡು ತಂದು ಹಚ್ತೇನಿ, ಗಡ್ಡಿ ಕೀಳಂಗಿಲ್ಲ. ಮಾಣಿಕರಾವನೂ ತನ್ನ ಬದುವಿಗಿ ಹಚ್ತಾನಂತ."

"ಹಂಗಾದ್ರ ಮಾರ್ಗದರ್ಶನಕ್ಕ ನಾ ಐತವಾರ..."

"ಬರ್ರಿ ಸರ್. ಗುದ್ದಲಿ ಮನ್ಯಾಗ ಇಟ್ಟು ಬರ್ರಿ."